ಅಳಿಯಂದಿರು ಏರಿಯಲ್ ಕಟ್ಟಿದ್ದು

ಕಂಪ್ಯೂಟರಿಗೆ ಏರಿಯಲ್ ಕಟ್ಟಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಬ್ಬರು. ಒಬ್ಬರು ನನ್ನ ದೊಡ್ಡಪ್ಪ, ಇನ್ನೊಬ್ಬರು ಅವರ ಅಳಿಯ. ಇಬ್ಬರೂ ದಡ್ಡರಲ್ಲ, ದಡ್ಡರಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದರು. ತಿಳಿದವರೆಂದು ಹೆಸರಾದ ಇಬ್ಬರು ಗಂಡಸರು ಒಂದೇ ಸೂರಿನಡಿ ಸೇರಿದ್ದರಿಂದ ನನ್ನ ದೊಡ್ಡಮ್ಮ ಸಾಯುವುದರಲ್ಲಿದ್ದಳು. ವರ್ಷಗಳಾದವು. ಇವತ್ತಿಗೂ ಯಾರ ಮನೆಯಲ್ಲೇ ಆಗಲಿ, ನಲ್ಲಿ ತಿರುಗಿಸುವ ಮುಂಚೆ ನಾನು ಬೆರಳಿನ ಹಿಂಬದಿಯಿಂದ ಒಮ್ಮೆ ತಾಗಿಸಿ ನೋಡುತ್ತೇನೆ. ನೋಡಿದವರು ಮಡಿ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಭದ್ರಾವತಿಯ ಜನ್ನಾಪುರದಲ್ಲಿ ಅವರ ಮನೆ. ಅದಕ್ಕೂ ಮುಂಚೆ, ದೊಡ್ಡಪ್ಪ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಕಾಲದಲ್ಲಿ, ಕ್ವಾರ್ಟರ್ಸಿನಲ್ಲಿದ್ದರು. ಆ ಸಾಲಿನಲ್ಲಿ ಯಾರ ಮದುವೆಯಾದರೂ ಹಸೆಗೆ ಕರೆಯುವ ಹಾಡು ಎತ್ತಿಕೊಳ್ಳುವವಳು ದೊಡ್ಡಮ್ಮನೇ. ಅವಳು ಎತ್ತಿಕೊಂಡರೆ ಮಿಕ್ಕವರು ಹಿಂದಿನಿಂದ ಸೇರಿಕೊಳ್ಳುತ್ತಿದ್ದರಂತೆ. ಒಂದು ಸಲ ಯಾವುದೋ ದೇಶದಿಂದ ಬಂದ ಮನುಷ್ಯನೊಬ್ಬ, ಹೆಗಲಿಗೆ ದೊಡ್ಡ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು ಬಂದು, ಇವರನ್ನೆಲ್ಲ ಜಗಲಿಯ ಮೇಲೆ ಕೂರಿಸಿ ಹಾಡು ತುಂಬಿಕೊಂಡು ಹೋದ. ತನ್ನ ಊರಿನ ರೇಡಿಯೊದಲ್ಲಿ ಹಾಕುತ್ತೇನೆ, ನಿಮಗೊಂದು ಕ್ಯಾಸೆಟ್ ಕಳಿಸುತ್ತೇನೆ ಎಂದ. ಕಾಫಿ ಕುಡಿದ, ಚಕ್ಕುಲಿ ತಿಂದ, ಹೋದ. ಕ್ಯಾಸೆಟ್ ಬರಲಿಲ್ಲ.

ಆಮೇಲೆ ದೊಡ್ಡಮ್ಮನ ಗಂಟಲಿನಲ್ಲಿ ಗಡ್ಡೆಯಾಯಿತು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಉಳಿಯಲಿಲ್ಲ. ಹತ್ತಿರ ಹೋಗಿ ಕಿವಿಯಿಟ್ಟರೆ ಕೇಳುವಷ್ಟು ಪಿಸುದನಿ ಮಾತ್ರ ಮಿಕ್ಕಿತು. ಯಾರನ್ನಾದರೂ ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದಳು, ಇಲ್ಲವೇ ಸೌಟಿನಿಂದ ಪಾತ್ರೆಗೆ ಬಡಿಯುತ್ತಿದ್ದಳು. ಅವಳ ಹಾಡನ್ನು ಊರೆಲ್ಲ ಕೇಳಿತ್ತು, ಅವಳು ಮಾತ್ರ ಕೇಳಿರಲಿಲ್ಲ. ಹಾಡುವವರಿಗೆ ತಮ್ಮ ದನಿ ಹೊರಗಿನಿಂದ ಹೇಗೆ ಕೇಳುತ್ತದೆಂದು ಯಾರು ಹೇಳುತ್ತಾರೆ?

ದೊಡ್ಡಪ್ಪನಿಗೆ ರೇಡಿಯೊ ಹುಚ್ಚು. ಸಣ್ಣಪುಟ್ಟ ಹುಚ್ಚಲ್ಲ. ದೂರದ ದೇಶಗಳ ಶಾರ್ಟ್‌ವೇವ್ ಕೇಂದ್ರಗಳನ್ನು ಹಿಡಿಯುವುದು, ಕೇಳಿಸಿತು ಎಂದು ಅವರಿಗೆ ಬರೆಯುವುದು, ಅವರು ಕಳಿಸಿದ ಬಣ್ಣದ ಕಾರ್ಡುಗಳನ್ನು ಗೋಡೆಗೆ ಅಂಟಿಸುವುದು. ದೇವರ ಪಟಗಳಿಗಿಂತ ಆ ಕಾರ್ಡುಗಳೇ ಹೆಚ್ಚಿದ್ದವು. ರೇಡಿಯೊ ಸರಿಯಾಗಿ ಕೇಳಿಸಬೇಕಾದರೆ ಎರಡೇ ಎರಡು ವಿಷಯ ಮುಖ್ಯ ಎಂದು ಅವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು: ಎತ್ತರದಲ್ಲಿ ಏರಿಯಲ್, ನೆಲದಲ್ಲಿ ಅರ್ಥ್. ಮಗಳ ಮದುವೆಯ ಮಾತುಕತೆಯಲ್ಲೂ ಅದನ್ನು ಹೇಳಿದರೆಂದು ನಮ್ಮಮ್ಮ ನಗುತ್ತಿದ್ದಳು. ಹೇಳಿಯೇ ಇರುತ್ತಾರೆ.

ಒಂದು ಸಂಜೆ ಅವರು, ಹಿಂದೆ ಹಾಡು ತುಂಬಿಕೊಂಡು ಹೋದ ಆ ಮನುಷ್ಯನ ದೇಶದ ಕೇಂದ್ರದ ಇಂಗ್ಲಿಷ್ ಪ್ರಸಾರ ಕೇಳುತ್ತಿದ್ದಾಗ, ತಮ್ಮ ಉಗ್ರಾಣದಲ್ಲಿರುವ ದಕ್ಷಿಣ ಭಾರತದ ಹೆಂಗಸರ ಮದುವೆ ಹಾಡುಗಳನ್ನು ಮತ್ತೆ ಪ್ರಸಾರ ಮಾಡುತ್ತೇವೆ ಎಂದು ಪ್ರಕಟಣೆ ಬಂತು. ಕಬ್ಬಿಣದ ಕಾರ್ಖಾನೆಯ ಕಾಲೊನಿಯೊಂದರ ಹಾಡು ಎಂದರು, ಭದ್ರಾವತಿ ಎಂಬುದನ್ನು ನಾಲಿಗೆ ತಿರುಚಿ ಉಚ್ಚರಿಸಿದರು. ಆದರೆ ಆ ಪ್ರಸಾರ ನಮ್ಮ ದಿಕ್ಕಿಗೆ ಬರುವುದಿಲ್ಲ. ಕೇಳಬೇಕೆಂದರೆ ಇಂಟರ್ನೆಟ್ಟಿನಲ್ಲಿ ಅವರ ತಾಣದಲ್ಲಿ ಒಂದು ವಾರ ಇಟ್ಟಿರುತ್ತಾರೆ, ಆಮೇಲೆ ತೆಗೆದುಬಿಡುತ್ತಾರೆ. ದೊಡ್ಡಪ್ಪ ಅಡುಗೆಮನೆಗೆ ಹೋಗಿ ಹೇಳಿದರಂತೆ. ದೊಡ್ಡಮ್ಮ ಒಲೆ ಆರಿಸಿ, “ನಂದಾ?” ಎಂದಳಂತೆ. ಅಷ್ಟೇ. ಆ ವಾರವೆಲ್ಲ ಅವಳು ಯಾರನ್ನು ಕಂಡರೂ ಕಣ್ಣಿನಲ್ಲೇ ಕೇಳುತ್ತಿದ್ದುದು ಅದೊಂದೇ: ಬಂತಾ?

ಇಲ್ಲಿ ಅಳಿಯಂದಿರು ಬರುತ್ತಾರೆ. ಅವರು ದೊಡ್ಡಮ್ಮನ ಮಗಳ, ಅಂದರೆ ನನ್ನ ಅಕ್ಕನ ಗಂಡ, ನನಗೆ ಭಾವ. ಮನೆ ಶಿವಮೊಗ್ಗದ ರಾಗಿಗುಡ್ಡದ ಹತ್ತಿರ. ಪೇಟೆಯಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದರು. ಬಾಗಿಲ ಮೇಲೆ ಕಲಿಸುವುದಾಗಿ ಬರೆಸಿದ್ದ ವಿಷಯಗಳ ಅರ್ಧದಷ್ಟನ್ನೂ ಅವರು ಕಲಿತಿರಲಿಲ್ಲ. ಆದರೆ ಮಾತು ಬಲ್ಲವರು. ಕಂಪ್ಯೂಟರಿನ ಮುಂದೆ ಕೂತು ಹುಬ್ಬು ಗಂಟಿಕ್ಕಿ “ಹೂಂ” ಎಂದರೆ ಎದುರಿಗಿದ್ದವರಿಗೆ ಡಾಕ್ಟರ ಮುಂದೆ ಕೂತಷ್ಟು ಭಯವಾಗುತ್ತಿತ್ತು. ಬ್ರಾಡ್‌ಬ್ಯಾಂಡ್ ನಮ್ಮ ಕಡೆ ಆಗಷ್ಟೇ ಬಂದಿತ್ತು. ಮಾವನ ಮನೆಗೆ ಅವರೇ ಒಂದು ಕಂಪ್ಯೂಟರ್ ಜೋಡಿಸಿಕೊಟ್ಟಿದ್ದರು, ಅದರೊಳಗೆ ಟಿ.ವಿ. ನೋಡುವ ಕಾರ್ಡೊಂದನ್ನೂ ಹಾಕಿದ್ದರು. ಆ ಕಾರ್ಡಿನ ದೆಸೆಯಿಂದ ಸಿಪಿಯು ಡಬ್ಬಿಯ ಬೆನ್ನಿನಲ್ಲಿ ಏರಿಯಲ್ ಸಿಕ್ಕಿಸುವ ತೂತೊಂದು ಇತ್ತು. ಆ ತೂತನ್ನು ಅಲ್ಲಿ ಯಾಕೆ ಇಟ್ಟರೋ ಎಂದು ನಾನು ಎಷ್ಟೋ ಸಲ ಶಪಿಸಿದ್ದೇನೆ.

ರೇಡಿಯೊ ತಾಣದಲ್ಲಿ ನೇರವಾಗಿ ಕೇಳಲು ಹೋದರೆ ಲೈನ್ ನಿಧಾನವಾಗಿ, ಎರಡು ಮಾತಿಗೊಮ್ಮೆ ನಿಂತುಬಿಡುತ್ತಿತ್ತು. ಅದಕ್ಕಾಗಿ ಭಾವ ಯಾವುದೋ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಒಂದು ಸಾಫ್ಟ್‌ವೇರ್ ಸಲಕರಣೆ ಹಾಕಿದ್ದರು. ಅದಕ್ಕೆ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಕಿಟಕಿಯೊಂದು ತೆರೆಯುತ್ತದೆ, ಅದರಲ್ಲಿ ಕಾರ್ಯಕ್ರಮದ ಹೆಸರನ್ನು ಟೈಪ್ ಮಾಡಿ ಎಂಟರ್ ಒತ್ತಬೇಕು. ಅದು ರೇಡಿಯೊ ತಾಣದಿಂದ ಕಾರ್ಯಕ್ರಮಗಳ ಪಟ್ಟಿ ತಂದುಕೊಂಡು, ನಮ್ಮದನ್ನು ಹುಡುಕಿ, ಇಡೀ ಕಾರ್ಯಕ್ರಮವನ್ನು ನಿಧಾನವಾಗಿ ಕಂಪ್ಯೂಟರಿಗೆ ಇಳಿಸುತ್ತದೆ. ಹಾಕಿದ ದಿನ ಪರೀಕ್ಷೆಗೆಂದು ಯಾವುದೋ ಹವಾಮಾನದ ಮಾತನ್ನು ಇಳಿಸಿದರು. ಬಂತು. ಮಾವ, ಅಳಿಯ ಇಬ್ಬರೂ ರಾಕೆಟ್ ಹಾರಿಸಿದವರ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡರು ಎಂದು ಅಕ್ಕ ಹೇಳಿದಳು.

ಹಾಡಿನ ವಾರ ಬಂದಾಗ ಅದು ಕೆಲಸ ಮಾಡಲಿಲ್ಲ. ಹೆಸರು ಟೈಪ್ ಮಾಡಿದರೆ “ಹೊಂದುವ ಕಾರ್ಯಕ್ರಮ ಯಾವುದೂ ಇಲ್ಲ” ಎಂದು ಇಂಗ್ಲಿಷಿನಲ್ಲಿ ಬರುತ್ತಿತ್ತು. ವಾರವೆಲ್ಲ ಭಾವ ಶಿವಮೊಗ್ಗದಿಂದ ಫೋನಿನಲ್ಲಿ ಹೇಳುವುದು, ದೊಡ್ಡಪ್ಪ ಇಲ್ಲಿ ಒಂದೇ ಬೆರಳಿನಲ್ಲಿ ಒತ್ತುವುದು. ಫಲವಿಲ್ಲ. ಸೋಮವಾರಕ್ಕೆ ಹಾಡನ್ನು ತೆಗೆಯುತ್ತಾರೆ ಎನ್ನುವಾಗ ಭಾನುವಾರ ಭಾವ ಖುದ್ದಾಗಿ ಬೈಕಿನಲ್ಲಿ ಬಂದರು. ನಾನೂ ಶಿವಮೊಗ್ಗದ ಗೋಪಾಳದಿಂದ ಬಸ್ಸು ಹಿಡಿದು ಬಂದೆ. ಆಗ ನಾನು ಬಿ.ಎಸ್ಸಿ. ಮುಗಿಸಿ, ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದೆ. ಕಂಪ್ಯೂಟರ್ ವಿಷಯದಲ್ಲಿ ನನ್ನನ್ನು ಯಾರೂ ಕರೆದಿರಲಿಲ್ಲ, ದೊಡ್ಡಮ್ಮನಿಗೆ ಜೊತೆಗಿರಲೆಂದು ಬಂದಿದ್ದೆ.

ಭಾವನ ಚಿಕಿತ್ಸೆ ಶುರುವಾಯಿತು. ಮೋಡೆಮ್ ಆರಿಸಿ ಹೊತ್ತಿಸಿದರು. ಟೆಲಿಫೋನ್ ತಂತಿ ಬಿಚ್ಚಿ, ತುದಿಗೆ ಬಾಯಿಂದ ಉಫ್ ಎಂದು ಊದಿ ಮತ್ತೆ ಸಿಕ್ಕಿಸಿದರು. ಹೆಸರನ್ನು ದೊಡ್ಡಕ್ಷರದಲ್ಲಿ ಹೊಡೆದರು, ಸಣ್ಣಕ್ಷರದಲ್ಲಿ ಹೊಡೆದರು. ಸಲಕರಣೆಯನ್ನು ಅಳಿಸಿ ಮತ್ತೆ ಹಾಕೋಣವೆಂದು ಸಿ.ಡಿ. ತೂರಿಸಲು ಹೋದರೆ, ಆಯುಧಪೂಜೆಯಲ್ಲಿ ಬಳಿದ ಕುಂಕುಮ ಗಟ್ಟಿಯಾಗಿ ಸಿ.ಡಿ. ಬಾಗಿಲೇ ತೆರೆಯಲಿಲ್ಲ. ದೊಡ್ಡಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತು ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದರು.

ಕಪ್ಪು ಕಿಟಕಿಯಲ್ಲಿ ಆ ‘ಇಲ್ಲ’ ಎನ್ನುವ ಸಾಲಿನ ಮೇಲೆ ಇನ್ನೊಂದು ಸಾಲು ಬರುತ್ತಿತ್ತು. ಪಟ್ಟಿ ಹೊಸದಾಗಿಯೇ ಇದೆ, ಮತ್ತೆ ತರಬೇಕಾಗಿಲ್ಲ ಎಂದು.

“ಭಾವ, ಇದೇನು ಪಟ್ಟಿ ಅಂತಿದೆಯಲ್ಲ?” ಎಂದೆ.

“ಅದು ನಾರ್ಮಲ್. ಎರರ್ ಅಲ್ಲ ಅದು. ಎರರ್ ನೋಡ್ಬೇಕು ನಾವು.”

“ಎಲ್ಲಿಯ ಪಟ್ಟಿ ಹೊಸದು ಅಂತಿದೆ ಅದು?”

“ನೀನು ಕಾಮರ್ಸಾ ಸೈನ್ಸಾ?”

“ಸೈನ್ಸ್.”

“ಹಂಗಾದ್ರೆ ಗೊತ್ತಿರ್ಬೇಕಲ್ಲ, ನಾರ್ಮಲ್ ಇರೋದನ್ನ ಮುಟ್ಟಬಾರ್ದು,” ಎಂದು ಭಾವ ನಕ್ಕರು. ದೊಡ್ಡಪ್ಪನೂ ನಕ್ಕರು. ಅಳಿಯಂದಿರು ನಕ್ಕರೆ ಮಾವ ನಗಬೇಕು.

ಅಡುಗೆಮನೆಯ ಬಾಗಿಲಲ್ಲಿ ದೊಡ್ಡಮ್ಮ ಚಪ್ಪಾಳೆ ತಟ್ಟಿದಳು. ಹತ್ತಿರ ಹೋದೆ. “ಆಗಲ್ಲ ಅಂದ್ರೆ ಆಗಲ್ಲ ಅನ್ನಕ್ಕೆ ಹೇಳೇ ಮಾರಾಯ್ತಿ. ನಾಳೆ ಹೋಗ್ಬಿಡುತ್ತಲ್ಲ ಅದು. ಪೇಟೇಲಿ ಬೇರೆ ಯಾರತ್ರಾದ್ರೂ ಮಾಡಿಸ್ಬೋದಲ್ಲ.” ನಾನು ಅದನ್ನು ಒಳಗೆ ಬಂದು ಹೇಳಿದೆ. ಹೇಳಬಾರದಿತ್ತೋ ಏನೋ. ಬೇರೆ ಯಾರೋ ಎಂಬ ಮಾತು ಬಿದ್ದದ್ದೇ ಭಾವನ ಕಿವಿ ಕೆಂಪಾಯಿತು.

“ಸಾಫ್ಟ್‌ವೇರ್ ಕಡೆ ಏನೂ ತೊಂದ್ರೆ ಇಲ್ಲ ಮಾವ,” ಎಂದರು, “ಸಿಗ್ನಲ್ ವೀಕು.”

ಇದು ಅವರು ಸೋತಾಗ ಹೇಳುವ ಮಾತು. ತರಬೇತಿ ಕೇಂದ್ರದಲ್ಲಿ ಏನು ಕೆಟ್ಟರೂ ಮಕ್ಕಳಿಗೆ ಅದನ್ನೇ ಹೇಳುತ್ತಿದ್ದರೆಂದು ಅಕ್ಕ ಆಮೇಲೆ ಹೇಳಿದಳು. ಸಿಗ್ನಲ್ ವೀಕು ಎಂದರೆ ಯಾರೂ ಮುಂದೆ ಕೇಳುವುದಿಲ್ಲ, ದೇವರ ಇಚ್ಛೆ ಎಂದ ಹಾಗೆ. ಆದರೆ ಕೇಳಿಸಿಕೊಂಡವರು ನಮ್ಮ ದೊಡ್ಡಪ್ಪ. ಜೀವಮಾನವಿಡೀ ಆ ಒಂದು ಮಾತಿಗಾಗಿ ಕಾದು ಕೂತವರು.

“ಅದನ್ನ ಮೊದ್ಲೇ ಹೇಳ್ಬಾರ್ದಾ ಅಳಿಯಂದ್ರೇ!” ಎಂದು ಕಂಪ್ಯೂಟರಿನ ಬೆನ್ನಿಗೆ ಹೋಗಿ ಬಗ್ಗಿ ನೋಡಿದರು. “ನೋಡಿ ಇಲ್ಲಿ. ಏರಿಯಲ್ ತೂತು ಖಾಲಿ ಬಿಟ್ಟಿದ್ದೀರ. ಅರ್ಥ್ ಕೂಡ ಇಲ್ಲ. ಸಿಗ್ನಲ್ ಎಲ್ಲಿಂದ ಬರ್ಬೇಕು ಪಾಪ?”

ಆ ತೂತು ಟಿ.ವಿ.ಯದು, ರೇಡಿಯೊ ಬರುವುದು ಟೆಲಿಫೋನ್ ತಂತಿಯಲ್ಲಿ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಭಾವನಿಗೆ ಗೊತ್ತಿತ್ತು. ಅಷ್ಟಂತೂ ಗೊತ್ತಿತ್ತು. ಹೇಳಿದ್ದರೆ ಸಿಗ್ನಲ್ಲಿನ ಮಾತು ಸುಳ್ಳೆಂದು ಒಪ್ಪಬೇಕಿತ್ತು. ಜೊತೆಗೆ, ಮಾವನಿಗೆ ತಪ್ಪು ಎನ್ನುವುದು ನಮ್ಮಲ್ಲಿ ಅಳಿಯನಾದವನ ಕೆಲಸವಲ್ಲ. ಅಳಿಯ ಮನೆಗೆ ಬಂದರೆ ಕಾಲಿಗೆ ನೀರು, ಊಟಕ್ಕೆ ಕೋಸಂಬರಿ, ಮಾತಿಗೆ ‘ಹೌದು ಮಾವ’. ಈ ಕಡೆಯಿಂದಲೂ ಅಷ್ಟೇ. ಅಳಿಯ ಏನು ಹೇಳಿದರೂ ಮಾವ ‘ಸರಿ’ ಎನ್ನಬೇಕು. ಇಬ್ಬರು ಒಬ್ಬರಿಗೊಬ್ಬರು ಬಾಗಿಲು ಬಿಟ್ಟುಕೊಡುತ್ತ ಬಾವಿಗೆ ಹೋಗಿ ಬಿದ್ದ ಹಾಗೆ.

“ಹೌದು ಮಾವ, ಟ್ರೈ ಮಾಡೋಣ,” ಎಂದರು ಭಾವ.

ನಾನು, “ಭಾವ, ಅದಕ್ಕೆ ಏರಿಯಲ್ ಯಾಕೆ?” ಎಂದೆ. ಇಬ್ಬರೂ ನನ್ನ ಕಡೆ ತಿರುಗಲೇ ಇಲ್ಲ. ದೊಡ್ಡಪ್ಪ ಆಗಲೇ ಅಟ್ಟದಿಂದ ತಾಮ್ರದ ತಂತಿಯ ಸುರುಳಿ ಇಳಿಸುತ್ತಿದ್ದರು. ಮೈಮೇಲೆ ಹೊದಿಕೆಯಿಲ್ಲದ ಬರಿ ತಂತಿ, ಎಂದೋ ಶಾರ್ಟ್‌ವೇವಿಗೆ ತಂದಿಟ್ಟದ್ದು.

ಮೊದಲು ಅರ್ಥ್. ಸಿಪಿಯು ಡಬ್ಬಿಯ ಹಿಂದಿನ ಸ್ಕ್ರೂಗೆ ಒಂದು ತಂತಿ ಸುತ್ತಿ, ಅಡುಗೆಮನೆಯ ಕಿಟಕಿಯಿಂದ ಹಿತ್ತಿಲಿಗೆ ಎಳೆದು, ನಲ್ಲಿಯ ಕಬ್ಬಿಣದ ಪೈಪಿಗೆ ಬಿಗಿದರು. ರೇಡಿಯೊಗೆ ಹಾಗೇ ಮಾಡುತ್ತಿದ್ದರು. ಆ ಕಾಲದಲ್ಲಿ ಪೈಪು ನೆಲದೊಳಗೆ ಆಳಕ್ಕೆ ಹೋಗುತ್ತಿತ್ತು. ಮನೆ ಕಟ್ಟಿದ ಮೇಲೆ ನೆಲದಡಿಯ ಪೈಪನ್ನೆಲ್ಲ ಪ್ಲಾಸ್ಟಿಕ್ಕಿಗೆ ಬದಲಿಸಿದ್ದರು, ಗೋಡೆಯ ಮೇಲೆ ಕಾಣುವ ಮೊಳದುದ್ದ ಮಾತ್ರ ಕಬ್ಬಿಣ, ಅಂದರೆ ಆ ಅರ್ಥ್ ನೆಲ ಮುಟ್ಟುತ್ತಲೇ ಇರಲಿಲ್ಲ. ಬದಲಿಸಿದವರು ದೊಡ್ಡಪ್ಪನೇ. ಅವರಿಗೆ ನೆನಪಾಗಲಿಲ್ಲ.

ಆಮೇಲೆ ಏರಿಯಲ್. ಭಾವ ಒಣ ಬಿದಿರಿನ ಗಳಕ್ಕೆ ತಂತಿ ಕಟ್ಟಿ ತಾರಸಿಗೆ ಹೋದರು. ತಂತಿಯ ಇನ್ನೊಂದು ತುದಿ ಮುಂದಿನ ಕಿಟಕಿಯಿಂದ ಇಳಿದು ಆ ದರಿದ್ರ ತೂತಿಗೆ. ದೊಡ್ಡಪ್ಪ ರಸ್ತೆಯಲ್ಲಿ ನಿಂತು ಮೇಲೆ ನೋಡುತ್ತ ದಾರಿ ಹೇಳುತ್ತಿದ್ದರು. ನಾನು ಜಗಲಿಯಲ್ಲಿದ್ದೆ. ಮನೆಯ ಮುಂದೆ ಕಂಬದಿಂದ ಕಂಬಕ್ಕೆ ಕರೆಂಟಿನ ತಂತಿಗಳು ಹೋಗಿದ್ದವು, ತಾರಸಿಯ ಅಂಚಿಗೆ ತೀರ ಹತ್ತಿರ. ಯಾವಾಗಲೂ ಇದ್ದವು. ಸಿಡಿಲಿಗೆ ಹೆದರಿ ಪ್ರತಿ ಸಂಜೆ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತಿಡುತ್ತಿದ್ದ ಮನುಷ್ಯ ದೊಡ್ಡಪ್ಪ.

ಭಾವ ಗಳವನ್ನು ಎತ್ತಿ ನಿಲ್ಲಿಸಿದರು. ಅದು ರಸ್ತೆಯ ಕಡೆ, ಆ ಕರೆಂಟಿನ ತಂತಿಗಳತ್ತ ವಾಲಿತು. ದೊಡ್ಡಪ್ಪನ ಮುಖ ನಾನು ನೋಡುತ್ತಿದ್ದೆ. ಅವರಿಗೆ ಕಂಡಿತು. ಕಂಡಿತು ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಕುಲುಮೆಯ ಸದ್ದಿನ ಮೇಲೆ “ಲೇ, ಬಿಡೋ ಕೈನ!” ಎಂದು ಕೂಗಿ ಎಷ್ಟೋ ಕೆಲಸಗಾರರನ್ನು ಉಳಿಸಿದ ಗಂಟಲು ಅದು, ಕಾರ್ಖಾನೆಯ ಗೇಟಿನಾಚೆಗೂ ಅವರ ಬೈಗುಳ ಕೇಳುತ್ತಿತ್ತೆಂದು ಜನ ಹೇಳುತ್ತಿದ್ದರು. ಆ ಗಂಟಲಿನಿಂದ ಬಂದ ಮಾತು ಇದು:

“ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ, ಸ್ವಲ್ಪ ಈ ಕಡೆಗೆ ತಗೊಂಡ್ರೆ ಒಳ್ಳೇದೇನೋ ಅಂತ...”

ಮೇಲಿನಿಂದ ಭಾವ, “ಹಾಂ ಮಾವ? ಏನಂದ್ರಿ?”

“ಏನಿಲ್ಲ, ನಿಮಗೆ ಹೇಗೆ ಅನುಕೂಲಾನೋ ಹಾಗೆ.”

ಪಟ್ಟೆಂದು ಸದ್ದಾಯಿತು. ತೆಂಗಿನಗರಿ ಮುರಿದಂಥ ಸದ್ದು. ಒಳಗೆ ಮಾನಿಟರ್ ಆರಿತು. ಕರೆಂಟ್ ಹೋಯಿತು ಎಂದುಕೊಂಡು, ದೊಡ್ಡಮ್ಮನಿಗೆ ಹೇಳೋಣವೆಂದು ನಾನು ಒಳಗಿನಿಂದ ಹಿತ್ತಿಲಿಗೆ ಹೋದೆ. ಹೆದರಿ ಓಡಲಿಲ್ಲ. ನಡೆದೇ ಹೋದೆ. ಅಷ್ಟು ನಿಧಾನವಾಗಿ ನಡೆದೆ.

ದೊಡ್ಡಮ್ಮ ನಲ್ಲಿಯ ಹತ್ತಿರ ನಿಂತಿದ್ದಳು. ಕೊಡ ತುಂಬಿ ನೀರು ಅವಳ ಪಾದದ ಮೇಲೆ ಹರಿಯುತ್ತಿತ್ತು. ಬಲಗೈ ನಲ್ಲಿಯ ಮೇಲಿತ್ತು. ಮುಖ ನನ್ನ ಕಡೆಗಿತ್ತು, ಬಾಯಿ ತೆರೆದಿತ್ತು. ಅವಳು ಕೂಗುತ್ತಿದ್ದಳು. ಸದ್ದಿಲ್ಲ. ಬೇರೆ ಯಾವ ಹೆಂಗಸಾಗಿದ್ದರೂ ಆ ಕೂಗಿಗೆ ಬೀದಿಯೇ ಸೇರುತ್ತಿತ್ತು. ಚಪ್ಪಾಳೆ ತಟ್ಟಲು ಎರಡನೆಯ ಕೈ ಬೇಕಲ್ಲ, ಅದು ನಲ್ಲಿಗೆ ಅಂಟಿತ್ತು. ತೋಳು ಸಣ್ಣಗೆ ನಡುಗುತ್ತಿತ್ತು, ಹೊಲಿಗೆ ಯಂತ್ರದ ಮೇಲೆ ಬಟ್ಟೆ ನಡುಗುವ ಹಾಗೆ. ಕಣ್ಣು ನನ್ನನ್ನೇ ನೋಡುತ್ತಿತ್ತು.

ಮುಟ್ಟಬಾರದು ಎಂದು ಗೊತ್ತಿತ್ತು. ಬಾಗಿಲ ಪಕ್ಕದಲ್ಲಿ ಪ್ಲಾಸ್ಟಿಕ್ ಬಕೆಟ್ ಇತ್ತು. ಅದನ್ನು ಎತ್ತಿ ಅವಳ ಮುಂಗೈ ಮೇಲೆ ಬೀಸಿ ಹೊಡೆದೆ. ಕೈ ಬಿಟ್ಟಿತು. ಅವಳು ಕೊಡದ ಮೇಲೆ ಬಿದ್ದಳು, ಕೊಡ ಉರುಳಿತು. ಅದೇ ಹೊತ್ತಿಗೆ ಮನೆಯ ಮುಂದಿನ ಬೀದಿಯಲ್ಲಿ ನೀಲಿ ಬೆಳಕು ಮಿಂಚಿ, ಏರಿಯಲ್ಲಿನ ತೆಳುವಾದ ತಂತಿ ಸುಟ್ಟು ಎರಡಾಗಿ ರಸ್ತೆಗೆ ಬಿತ್ತು.

ಯಾವುದು ಮೊದಲು, ನನ್ನ ಬಕೆಟ್ಟೋ ತಂತಿಯೋ? ನನಗೆ ಗೊತ್ತಿಲ್ಲ. ನೂರು ಸಲ ಮನಸ್ಸಿನಲ್ಲೇ ಆ ಬಾಗಿಲಿಗೆ ಹೋಗಿ ನಿಂತಿದ್ದೇನೆ. ಒಮ್ಮೆ ಬಕೆಟ್ ಮೊದಲು, ಒಮ್ಮೆ ಬೆಳಕು ಮೊದಲು. ಎಷ್ಟೋ ಸಲ ಬಕೆಟ್ ಅಲ್ಲಿರುವುದೇ ಇಲ್ಲ.

ಎದುರು ಮನೆಯಲ್ಲಿ ಆಟೋ ಓಡಿಸುವ ಸಾಹೇಬರೊಬ್ಬರಿದ್ದರು. ರಸ್ತೆಯ ಮೇಲಿನ ಬೆಳಕು ಕಂಡು ಓಡಿ ಬಂದವರು ಅವರೇ. ದೊಡ್ಡಮ್ಮನನ್ನು ನಾನೂ ಅವರ ಹೆಂಡತಿಯೂ ಎತ್ತಿ ಆಟೋದಲ್ಲಿ ಕೂರಿಸಿದೆವು. ಅಂಗೈ ಸುಟ್ಟು ಬೆಳ್ಳಗಾಗಿತ್ತು. ಉಸಿರು ಇತ್ತು. ದೊಡ್ಡಪ್ಪ ಚಪ್ಪಲಿ ಹುಡುಕುತ್ತಿದ್ದರು. ಭಾವ ತಾರಸಿಯಿಂದ ಇಳಿದು ಬಂದು, ಸುಟ್ಟ ತಂತಿಯನ್ನು ನೋಡಿ, “ಗಳ ಒಣಗಿತ್ತು, ಪುಣ್ಯ” ಎಂದರು. ತಮ್ಮ ಪುಣ್ಯ.

ಆಟೋ ಹೊರಡಿಸುತ್ತ ಸಾಹೇಬರು ಕೇಳಿದರು. “ಏನ್ ಮಾಡ್ತಿದ್ರಿ ಮೇಸ್ತ್ರಿಗಳೇ?”

“ಕಂಪ್ಯೂಟರಿಗೆ ಸಿಗ್ನಲ್ ವೀಕ್ ಇತ್ತು. ಅರ್ಥ್ ಕೊಟ್ಟಿದ್ವಿ.”

“ಯಾ ಅಲ್ಲಾ. ಟೆಸ್ಟರ್ ಇಟ್ ನೋಡೋ ಜಾಗಕ್ಕೆ ಹೆಂಡ್ತಿ ಇಟ್ ನೋಡಿದ್ರಾ?”

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದಾಗ ದೊಡ್ಡಪ್ಪ, “ರೇಡಿಯೊ ಡೌನ್‌ಲೋಡ್ ಮಾಡ್ತಿದ್ವಿ ಸಾರ್” ಎಂದರು. ಡಾಕ್ಟರು ಅವರನ್ನು ಬಿಟ್ಟು ನನ್ನ ಮುಖ ನೋಡಿದರು. ದೊಡ್ಡಮ್ಮನ ಎದೆಗೆ ತಂತಿಗಳನ್ನು ಅಂಟಿಸಿ ಕಾಗದದ ಮೇಲೆ ಗೆರೆ ಬರೆಸಿಕೊಂಡರು. ಹೃದಯ ಸರಿಯಾಗಿದೆ, ಆದರೂ ನಾಳೆಯವರೆಗೆ ಇಲ್ಲೇ ಇರಲಿ ಎಂದರು.

ಸಂಜೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಮಾವ, ಅಳಿಯ ಕೂತು ಕಾಫಿ ಕುಡಿಯುತ್ತಿದ್ದರು. ಮಾತಾಡುತ್ತಿದ್ದುದು ಕಿವಿಗೆ ಬಿತ್ತು.

“ಅರ್ಥಿಂಗ್ ಚೆನ್ನಾಗಿತ್ತು ಮಾವ. ಅದಕ್ಕೇ ಅತ್ತೆ ಉಳ್ಕೊಂಡ್ರು.”

“ಹೌದೌದು. ತಂತಿ ತೆಳುವಾಗಿತ್ತು ನೋಡಿ, ಫ್ಯೂಸ್ ತರಹ ಕೆಲಸ ಮಾಡ್ತು. ನಾನು ಯೋಚನೆ ಮಾಡೇ ತೆಳು ತಂತಿ ತಗೊಂಡಿದ್ದು.”

ನನಗೆ ಆ ಬೆಂಚನ್ನು ಮಗುಚಬೇಕೆನ್ನಿಸಿತು. ಅಕ್ಕ ಆ ಹೊತ್ತಿಗೆ ಶಿವಮೊಗ್ಗದಿಂದ ಬಂದಿದ್ದಳು. ನಾನು ಒಳಗೆ ಹೋಗಿ ದೊಡ್ಡಮ್ಮನ ಪಕ್ಕ ಕೂತೆ. ಅವಳು ಎಡಗೈಯಿಂದ ನನ್ನ ತೋಳು ಎಳೆದು ಕಿವಿಯನ್ನು ಹತ್ತಿರಕ್ಕೆ ತಂದುಕೊಂಡಳು.

“ಕರೆಂಟಿಗಿಂತ ನಿನ್ ಬಕೆಟ್ ಏಟೇ ಜೋರು ಕಣೇ. ಮೂಳೆ ಮುರೀತು ಅನ್ಕೊಂಡೆ.”

ನಾನು ಅಳುತ್ತ ನಕ್ಕೆ.

“ಬಂತಾ?” ಎಂದಳು.

“ಏನು?”

“ಹಾಡು ಕಣೇ.”

ಆ ಕಂಪ್ಯೂಟರ್ ಸುಟ್ಟುಹೋಗಿತ್ತು. ಅವಳಿಗೆ ಹೇಳಲಾಗಲಿಲ್ಲ. ಹೊರಗೆ ಬಂದು ಅಕ್ಕನ ಹತ್ತಿರ ತರಬೇತಿ ಕೇಂದ್ರದ ಕೀಲಿ ಕೇಳಿದೆ. ಭಾವನನ್ನು ಕೇಳಲಿಲ್ಲ. ಕೇಳಿದ್ದರೆ, ಬರುತ್ತೇನೆ ಇರು, ನಾನೇ ಮಾಡುತ್ತೇನೆ ಎನ್ನುತ್ತಿದ್ದರು. ಅಕ್ಕ ಸೆರಗಿನ ಮರೆಯಲ್ಲಿ ಕೀಲಿ ಕೊಟ್ಟಳು. ಆ ಸಲಕರಣೆಯ ಸಿ.ಡಿ. ಕೇಂದ್ರದ ಮೇಜಿನಲ್ಲೇ ಇನ್ನೊಂದು ಪ್ರತಿ ಇದೆ ಎಂದಳು.

ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋದೆ, ರೇಡಿಯೊದವರ ದೇಶದಲ್ಲಿ ಆಗಿನ್ನೂ ಭಾನುವಾರ ರಾತ್ರಿ. ಶಟರ್ ಎತ್ತಿದೆ. ಅಲ್ಲಿದ್ದ ಉದ್ದನೆಯ ಮರದ ಸ್ಕೇಲಿನ ತುದಿಯಿಂದ ಸ್ವಿಚ್ ಒತ್ತಿದೆ. ಸಿ.ಡಿ.ಯಿಂದ ಸಲಕರಣೆ ಹಾಕಿ, ಕಪ್ಪು ಕಿಟಕಿ ತೆರೆದು, ಭಾವ ಹೊಡೆದದ್ದನ್ನೇ, ಒಂದಕ್ಷರವೂ ಬದಲಿಸದೆ ಹೊಡೆದೆ. ಈ ಸಲ ‘ಪಟ್ಟಿ ಹೊಸದಾಗಿದೆ’ ಎಂಬ ಸಾಲು ಬರಲಿಲ್ಲ. ಪಟ್ಟಿ ತರುತ್ತಿದ್ದೇನೆ ಎಂದಿತು. ತಂದಿತು. ಕಾರ್ಯಕ್ರಮ ಸಿಕ್ಕಿದೆ ಎಂದಿತು. ಇಳಿಸಲು ಶುರುಮಾಡಿತು. ಅಷ್ಟೇ.

ಅದು ಇಳಿಯುವಷ್ಟು ಹೊತ್ತು ಕೂತು ಯೋಚಿಸಿದೆ. ಬೆನ್ನ ಹಿಂದಿನ ಗೋಡೆಯ ಗಡಿಯಾರ ಟಿಕ್ ಎನ್ನುತ್ತಿತ್ತು. ಆಗ ಹೊಳೆಯಿತು. ದೊಡ್ಡಪ್ಪನ ಕಂಪ್ಯೂಟರಿನ ಮೂಲೆಯಲ್ಲಿ ತೋರಿಸುವ ತಾರೀಖು ಯಾವಾಗಲೂ ತಪ್ಪು, ಅದೆಷ್ಟೋ ವರ್ಷ ಹಿಂದಿನ ಜನವರಿ ಒಂದು. ಒಳಗಿನ ಗುಂಡಿಯಂಥ ಸೆಲ್ ಸತ್ತಿತ್ತು. ದೊಡ್ಡಪ್ಪ ಪ್ಲಗ್ ಕಿತ್ತಾಗಲೆಲ್ಲ ಅದರ ಗಡಿಯಾರ ಹುಟ್ಟಿದ ವರ್ಷಕ್ಕೆ ಹಿಂದಿರುಗುತ್ತಿತ್ತು, ಆ ಯಂತ್ರಕ್ಕೆ ದಿನಾ ಹೊಸವರ್ಷ. ಪರೀಕ್ಷೆ ಮಾಡಿದ ದಿನ ಭಾವ ತಾರೀಖು ಸರಿಮಾಡಿ ಪಟ್ಟಿ ತರಿಸಿದ್ದರು. ಆಮೇಲೆ ಗಡಿಯಾರ ಹಿಂದಕ್ಕೆ ಹೋಯಿತು. ಸಲಕರಣೆ ಪ್ರತಿ ಸಲವೂ ತನ್ನ ಹಳೆಯ ಪಟ್ಟಿಯ ತಾರೀಖನ್ನು ಆ ತಪ್ಪು ಗಡಿಯಾರದ ಇವತ್ತಿನ ತಾರೀಖಿನೊಂದಿಗೆ ಹೋಲಿಸಿ, ಪಟ್ಟಿ ಇವತ್ತಿಗಿಂತಲೂ ಮುಂದಿನದು, ಇದಕ್ಕಿಂತ ಹೊಸದು ಇನ್ನೇನಿದೆ ಎಂದು ಸುಮ್ಮನಾಗುತ್ತಿತ್ತು. ಆ ಹಳೆಯ ಪಟ್ಟಿಯಲ್ಲಿ ಹಾಡು ಎಲ್ಲಿಂದ ಇರಬೇಕು? ಅದನ್ನೇ ಅದು ಪ್ರತಿ ಸಲ ಬರೆದು ತೋರಿಸುತ್ತಿತ್ತು. ಎರರ್ ಅಲ್ಲವೆಂದು ನಾವು ಓದಲಿಲ್ಲ.

ಆ ಸೆಲ್ಲುಗಳು ಭಾವನ ಮೇಜಿನ ಮೇಲೆ ಗಾಜಿನ ಡಬ್ಬಿಯಲ್ಲಿದ್ದವು. ಪೆಪ್ಪರಮೆಂಟಿನ ಹಾಗೆ ತುಂಬಿಟ್ಟಿದ್ದರು. ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ.

ಈ ಸಂಗತಿಯನ್ನು ನಾನು ಭಾವನಿಗೂ ಹೇಳಿದೆ, ದೊಡ್ಡಪ್ಪನಿಗೂ ಹೇಳಿದೆ. ಭಾವ “ಸೆಲ್ ವಿಷ್ಯ ನನ್ ತಲೇಲಿ ಇತ್ತು” ಎಂದರು. ದೊಡ್ಡಪ್ಪ “ಅಳಿಯಂದ್ರು ಹೇಳೇ ಇದ್ರು” ಎಂದರು. ಒಬ್ಬರನ್ನೊಬ್ಬರು ಬಿಟ್ಟುಕೊಡಲಿಲ್ಲ. ಅವರಿಬ್ಬರ ಮರ್ಯಾದೆಗೆ ಒಂದು ಕೂದಲೂ ಸುಡಲಿಲ್ಲ. ಈಗಲೂ ಹಬ್ಬಕ್ಕೆ ಸೇರಿದರೆ ಒಬ್ಬರಿಗೊಬ್ಬರು ಹೋಳಿಗೆ ಬಡಿಸಿಕೊಳ್ಳುತ್ತಾರೆ. ದೊಡ್ಡಮ್ಮನ ಬಲಗೈ ಹೆಬ್ಬೆರಳು ಪೂರ್ತಿ ಮಡಿಸಲು ಬರುವುದಿಲ್ಲ.

ಹಾಡನ್ನು ಅವತ್ತೇ ಸಿ.ಡಿ.ಗೆ ಬರೆದುಕೊಂಡು ಜನ್ನಾಪುರಕ್ಕೆ ಹೋದೆ. ಅವಳು ಮನೆಗೆ ಬಂದಿದ್ದಳು. ಕೈಗೆ ದಪ್ಪನೆ ಬ್ಯಾಂಡೇಜು. ಟಿ.ವಿ. ಕೆಳಗಿನ ಸಿ.ಡಿ. ಪ್ಲೇಯರಿಗೆ ಹಾಕಿದೆ. ಮೊದಲು ಇಂಗ್ಲಿಷಿನಲ್ಲಿ ಒಬ್ಬ ಏನೋ ಮಾತಾಡಿದ, ಆಮೇಲೆ ಕಾಗೆ ಕೂಗಿತು, ಎಲ್ಲಿಯೋ ಸೈರನ್ ಕೇಳಿತು, ಹೆಂಗಸರು ಕಿಸಕ್ಕೆಂದು ನಕ್ಕರು. ಹಾಡು ಶುರುವಾಯಿತು.

ದೊಡ್ಡಮ್ಮ ಕುರ್ಚಿಯ ತುದಿಗೆ ಜರುಗಿ ಕೂತಳು. ಎಡಗೈ ಎತ್ತಿ ಒಬ್ಬೊಬ್ಬರನ್ನೇ ಗುರುತಿಸತೊಡಗಿದಳು. ಇದು ಆಚೆ ಮನೆಯ ತಮಿಳರವಳು, ಕನ್ನಡ ಬಾರದಿದ್ದರೂ ಹಾಡಿಗೆ ಸೇರುತ್ತಿದ್ದಳು. ಈ ರಾಗ ಎಳೆಯುವವಳು ನಮ್ಮ ಸಾಲಿನ ಕೊನೆಯ ಮನೆಯವಳು, ಹೋಗಿಬಿಟ್ಟಳು ಪಾಪ. ಎಲ್ಲರನ್ನೂ ಗುರುತಿಸಿದಳು. ಆಮೇಲೆ ನನ್ನ ಕಡೆ ಬಾಗಿ ಕೇಳಿದಳು:

“ಇದ್ಯಾರೇ, ಮೊದ್ಲು ಎತ್ಕೊಳ್ಳೋಳು?”

“ನೀನೇ ದೊಡ್ಡಮ್ಮ.”

ಅವಳು ನಂಬಲಿಲ್ಲ. ನನ್ನನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು. ಹಾಡು ಮುಗಿಯಿತು. ಇನ್ನೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದಳು. ಹಾಕಿದೆ. ಈ ಸಲ ಅವಳು ಉಳಿದವರ ಕಡೆ ಗಮನವನ್ನೇ ಕೊಡಲಿಲ್ಲ. ಎತ್ತಿಕೊಳ್ಳುವ ಆ ದನಿ ಬಂದಾಗಲೆಲ್ಲ ಗಲ್ಲ ಸ್ವಲ್ಪ ಮೇಲಕ್ಕೆ ಹೋಗುತ್ತಿತ್ತು. ಕೊನೆಗೆ, “ಚೆನ್ನಾಗೇ ಹಾಡ್ತಾಳಲ್ಲೇ” ಎಂದಳು, ಬೇರೆ ಯಾರನ್ನೋ ಕುರಿತು ಹೇಳುವ ಹಾಗೆ.

ಮೂರನೆಯ ಸಲ ಹಾಕಲು ನಾನು ಎದ್ದೆನೋ, ಅವಳೇ ಎದ್ದಳೋ. ನಾನು ಆ ಮಧ್ಯಾಹ್ನ ಹಾಡನ್ನು ಕೇಳಲೇ ಇಲ್ಲ. ಎಲ್ಲರೂ ಕೇಳುತ್ತಾರೆ, ಹೇಗಿತ್ತು ನಿಮ್ಮ ದೊಡ್ಡಮ್ಮನ ಹಾಡು ಎಂದು. ಒಂದು ಸಾಲೂ ನೆನಪಿಲ್ಲ, ರಾಗವೂ ನೆನಪಿಲ್ಲ. ಅಷ್ಟು ಹೊತ್ತೂ ನಾನು ನೋಡುತ್ತಿದ್ದುದು ಪ್ಲೇಯರಿನಿಂದ ಗೋಡೆಗೆ ಹೋದ ತಂತಿಯನ್ನು, ಮತ್ತು ತಾಳ ಹಾಕುತ್ತ ಹಾಕುತ್ತ ಅದರ ಹತ್ತಿರಕ್ಕೆ ಹೋಗುತ್ತಿದ್ದ ಅವಳ ಎಡಗೈಯನ್ನು.